ಕೆಂಪಿ ಇಟ್ಟ ಚುಕ್ಕಿ

ನಮ್ಮ ಮನೆಯ ರಂಗೋಲಿಯಲ್ಲಿ ಒಂದು ಚುಕ್ಕಿ ಯಾವಾಗಲೂ ಕಪ್ಪಗಿರುತ್ತದೆ. ಅದನ್ನು ಇಟ್ಟವಳು ನನ್ನ ಹೆಂಡತಿ ರುಕ್ಮಿಣಿಯಲ್ಲ, ಕೆಂಪಿ. ಹೆಸರು ಕೇಳಿ ಹಸು ಅಂದುಕೊಳ್ಳಬೇಡಿ. ಕೆಂಪಿ ಎರಡೇ ಸೀಟಿನ, ತಲೆಯ ಮೇಲಿನ ಬಟ್ಟೆಯನ್ನು ಹಿಂದಕ್ಕೆ ಮಡಚಬಹುದಾದ, ನನಗಿಂತ ಕೆಲವೇ ವರ್ಷ ಚಿಕ್ಕದಾದ ವಿಲಾಯಿತಿ ಕಾರು. ಲಿಂಗರಾಜಪುರದ ನಮ್ಮ ಮನೆಗಿರುವುದು ಒಂದೇ ತುಂಡು ಅಂಗಳ. ರಾತ್ರಿ ಅದು ಕಾರಿನದು, ಬೆಳಿಗ್ಗೆ ರಂಗೋಲಿಯದು. ಮುಂಜಾನೆ ನಾನು ಕಾರನ್ನು ಗೇಟಿನಾಚೆ ತಳ್ಳುತ್ತೇನೆ, ರುಕ್ಮಿಣಿ ನೀರು ಹಾಕುತ್ತಾಳೆ. ಎಣ್ಣೆಯ ಕಲೆ ಸೋಪಿನ ಪುಡಿಗೆ ಹೋಗುವುದಿಲ್ಲ, ಮರದ ಹೊಟ್ಟಿಗೂ ಹೋಗುವುದಿಲ್ಲ. ಮೊದಮೊದಲು ಅವಳು ಜಗಳವಾಡಿದಳು. ಆಮೇಲೆ, “ನಿಮ್ಮ ಗಾಡಿ ಒಂದು ಚುಕ್ಕಿ ಇಟ್ಟಿದೆ, ಉಳಿದದ್ದು ನಾನಿಡ್ತೀನಿ ಬಿಡಿ,” ಎಂದು ಅಲ್ಲಿಂದಲೇ ಎಣಿಕೆ ಶುರು ಮಾಡುವುದನ್ನು ಅಭ್ಯಾಸ ಮಾಡಿಕೊಂಡಳು.

ಆ ಚುಕ್ಕಿಯ ವಿಷಯದಲ್ಲಿ ಈ ವರ್ಷ ನನ್ನಿಂದ ಒಂದು ತಪ್ಪಾಯಿತು. ಅದನ್ನು ಹೇಳಿಕೊಳ್ಳಲೆಂದೇ ಕುಳಿತಿದ್ದೇನೆ. ಆದರೆ ನನ್ನ ವಯಸ್ಸಿನವರು ನೇರವಾಗಿ ವಿಷಯಕ್ಕೆ ಬರುವುದಿಲ್ಲ, ಇಂಜಿನ್ನಿನ ಎಣ್ಣೆಯಂತೆ ಸುತ್ತಿ ಬಳಸಿ ಇಳಿಯುತ್ತೇವೆ. ಸ್ವಲ್ಪ ತಾಳ್ಮೆ ಇರಲಿ.

ಕೆಂಪಿ ನನಗೆ ಸಿಕ್ಕಿದ್ದು ಕಾಕ್ಸ್‌ಟೌನಿನ ಒಂದು ಹಳೆ ಬಂಗಲೆಯ ಹಿತ್ತಲಲ್ಲಿ, ಹುಣಸೆ ಮರದ ಕೆಳಗೆ. ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ನನಗೆ ಕಾರಿನ ಬಗ್ಗೆ ತಿಳಿದಿದ್ದು ಬಣ್ಣ ಮಾತ್ರ. ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಖಾನೆಯ ಉಗ್ರಾಣಕ್ಕೆ ಸೇರಿದ್ದವನು ನಾನು. ಕಿಟಕಿಯಲ್ಲಿ ಕೈ ಚಾಚಿದವರಿಗೆ ಸ್ಪಾನರು ಎತ್ತಿ ಕೊಡುವುದು, ಸಂಜೆ ವಾಪಸು ತೆಗೆದುಕೊಳ್ಳುವುದು ನನ್ನ ಕೆಲಸ. ಹಾಗೆ ಕೈ ಚಾಚುತ್ತಿದ್ದವರಲ್ಲಿ ಒಬ್ಬ ಹಲಸೂರಿನ ದೊರೈ. ಅವನು ಫಿಟ್ಟರು. ಕೋಳಿಯನ್ನು ಎಬ್ಬಿಸಿ, ಬಾನೆಟ್ಟು ಎತ್ತಿ ನೋಡಿ, “ತಗೋ ಮುನಿ. ಇದು ಸಾಯಲ್ಲ, ಅಳುತ್ತೆ ಅಷ್ಟೇ,” ಎಂದವನು ಅವನೇ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ದೊರೈ ನಮ್ಮ ಮನೆಗೆ ಬರುವುದು, ಶನಿವಾರ ರಾತ್ರಿ ಕಾರಿನ ಕೆಳಗೆ ಹಾಸಿದ್ದ ರಟ್ಟನ್ನು ಎಳೆದು ಎಲ್ಲೆಲ್ಲಿ ತೊಟ್ಟು ಬಿದ್ದಿದೆ ನೋಡುವುದು, ಆಮೇಲೆ ನಾವಿಬ್ಬರೂ ಮಧ್ಯಾಹ್ನದವರೆಗೆ ಅದರ ಮೂಲ ಹುಡುಕುವುದು ನಡೆದುಬಂದಿದೆ. ಕೆಲವರು ಭಾನುವಾರ ದೇವಸ್ಥಾನಕ್ಕೆ ಹೋಗುತ್ತಾರೆ, ಕೆಲವರು ಇಗರ್ಜಿಗೆ. ನಾವು ಬೆನ್ನ ಮೇಲೆ ಮಲಗಿ ಮೇಲೆ ನೋಡುತ್ತೇವೆ.

ಎಣ್ಣೆಯ ಸ್ವಭಾವವೇ ವಿಚಿತ್ರ. ನೀರು ಎಲ್ಲಿ ಸೋರುತ್ತದೋ ಅಲ್ಲಿಯೇ ಸಿಕ್ಕಿಬೀಳುತ್ತದೆ. ಎಣ್ಣೆ ಮೇಲೆಲ್ಲೋ ಹೊರಟು, ಒಂದು ಬೋಲ್ಟಿನ ತಲೆಯ ಮೇಲೆ ಕೂತು ಸುಧಾರಿಸಿಕೊಂಡು, ಕಾರು ಓಡುವಾಗ ಗಾಳಿಗೆ ಹಿಂದಕ್ಕೆ ಹರಿದು, ಕೊನೆಗೆ ಏನೂ ತಪ್ಪು ಮಾಡದ ಒಂದು ನಟ್ಟಿನ ತುದಿಯಿಂದ ತೊಟ್ಟಿಕ್ಕುತ್ತದೆ. ನೋಡಿದವರು ಆ ನಟ್ಟನ್ನು ಬಯ್ಯುತ್ತಾರೆ. ಬಾಣಸವಾಡಿ ಇನ್ನೂ ಹಳ್ಳಿಯಾಗಿದ್ದಾಗ ನಮ್ಮಪ್ಪನ ಎತ್ತಿನ ಗಾಡಿಯಿತ್ತು. ಅಚ್ಚಿಗೆ ಹಾಕಿದ ಕೀಲೆಣ್ಣೆ ನನ್ನ ಸ್ಕೂಲಿನ ಬಿಳಿ ಅಂಗಿಗೆ ಮೆತ್ತಿಕೊಂಡರೆ ಅವ್ವ ಗಾಡಿಯನ್ನೂ ಬಯ್ಯುತ್ತಿರಲಿಲ್ಲ, ಅಪ್ಪನನ್ನೂ ಬಯ್ಯುತ್ತಿರಲಿಲ್ಲ, ನನಗೇ ಬಾರಿಸುತ್ತಿದ್ದಳು. ಕಲೆ ಕಂಡ ಕಡೆಯೇ ಏಟು. ಈ ನ್ಯಾಯದಲ್ಲಿ ಬೆಳೆದವನು ನಾನು.

ಹಾಗಂತ ಕೆಂಪಿ ನಮಗೆ ಬರೀ ಕಲೆ ಕೊಟ್ಟಿಲ್ಲ. ಇಂದಿರಾನಗರದ ಅಗಲ ರಸ್ತೆಯಲ್ಲಿ ಬೆಳಗಿನ ಹೊತ್ತು ಹಾಲಿನವನ ಸೈಕಲ್ಲು ಬಿಟ್ಟರೆ ಬೇರೇನೂ ಎದುರಾಗದ ಕಾಲವೊಂದಿತ್ತು. ರುಕ್ಮಿಣಿ ಸೆರಗನ್ನು ತಲೆಗೆ ಕಟ್ಟಿಕೊಂಡು ಎಡಗಡೆ ಕೂರುತ್ತಿದ್ದಳು. ಹೊರಮಾವಿನ ತೋಟಗಳ ತನಕ ಹೋಗಿ ಸೀಬೆಕಾಯಿ ಕೊಂಡು, ಅವಳ ಮಡಿಲಿನಲ್ಲಿ ತುಂಬಿಕೊಂಡು ಬರುತ್ತಿದ್ದೆವು. ಎರಡೇ ಸೀಟು ಇದ್ದುದರಿಂದ ನೆಂಟರಿಗೆ ಜಾಗವಿರಲಿಲ್ಲ, ನಮ್ಮ ದಾಂಪತ್ಯ ಉಳಿದದ್ದರಲ್ಲಿ ಅದರ ಪಾಲೂ ಇದೆ. ಈಗ ಆ ತೋಟದ ಜಾಗದಲ್ಲಿ ಅಪಾರ್ಟ್‌ಮೆಂಟು. ಕೆ.ಆರ್.ಪುರದ ಕಡೆ ಹೊರಟರೆ ಮುಂದಿನ ಬಸ್ಸಿನ ಹಿಂಭಾಗ ನೋಡುತ್ತಲೇ ಇಂಜಿನ್ ಕಾದುಹೋಗುತ್ತದೆ.

ಈ ಬೇಸಿಗೆಯಲ್ಲಿ ದೊರೈ ಶಿವಾಜಿನಗರದ ಅಂಗಡಿಯಿಂದ ಒಂದು ಕಾರ್ಕಿನ ಹಾಳೆ ತಂದ. ಇಂಜಿನ್ನಿನ ಮೇಲಿನ ಮುಚ್ಚಳಕ್ಕೂ ಮೈಗೂ ನಡುವೆ ಕೂರುವ ಗ್ಯಾಸ್ಕೆಟ್ಟನ್ನು ಅದರಲ್ಲಿ ಕತ್ತರಿಸಿ ಕೂರಿಸಿದ. ಅವನ ಕೈ ಎರಡು ವರ್ಷದಿಂದ ನಡುಗುತ್ತಿದೆ. ಕಾಫಿ ಲೋಟ ಹಿಡಿದರೆ ತಟ್ಟೆಗೂ ಒಂದಿಷ್ಟು ಪ್ರಸಾದ. ಅದರ ಬಗ್ಗೆ ಅವನಾಗಲಿ ನಾನಾಗಲಿ ಯಾವತ್ತೂ ಮಾತೆತ್ತಿರಲಿಲ್ಲ. ಆ ಗ್ಯಾಸ್ಕೆಟ್ ಕೂತ ವಾರ ರಟ್ಟು ಒಣಗಿತ್ತು. ರುಕ್ಮಿಣಿ ಹಳೆಯ ಕಲೆಯನ್ನೇ ಹುಡುಕಿಕೊಂಡು ಚುಕ್ಕಿ ಎಣಿಸಿದಳು.

ಆಮೇಲೆ ನಾವು ಮಗಳ ಮನೆಗೆಂದು ಮೈಸೂರಿಗೆ ಹೋಗಿ ಒಂದು ತಿಂಗಳು ಇದ್ದು ಬಂದೆವು. ಬಂದು ಕಾರು ಸ್ಟಾರ್ಟ್ ಮಾಡಿ ಹಲಸೂರು ಕೆರೆಯನ್ನು ಒಂದು ಸುತ್ತು ಹಾಕಿಕೊಂಡು ಬಂದರೆ, ಎಲ್ಲ ಕಡೆಯಿಂದಲೂ ಎಣ್ಣೆ! ಮೇಲಿನ ಮುಚ್ಚಳದಿಂದ, ಕೆಳಗಿನ ಎಣ್ಣೆ ತೊಟ್ಟಿಯಿಂದ, ಮುಂದಿನಿಂದ, ಹಿಂದಿನಿಂದ. ರಂಗೋಲಿಗೆ ಚುಕ್ಕಿಯಲ್ಲ, ಕಪ್ಪು ಹುಣ್ಣಿಮೆಯೇ ಸಿಕ್ಕಿತು. ದೊರೈ ಬಂದ. ಗೋಣಿ ಹಾಸಿ ಕೆಳಗೆ ನುಸುಳಿದ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು ಹತ್ತಿರದವರ ಮೇಲೇ ಇಳಿಯುತ್ತದೆ. ನಿಂತಲ್ಲಿಂದಲೇ ಅವನ ಕಾಲುಗಳಿಗೆ ಹೇಳಿದೆ: “ದೊರೈ, ನಿನ್ನ ಕೈ ನಡುಗುತ್ತೆ. ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ. ಇನ್ಮೇಲೆ ಈ ಕೆಲಸ ಬಿಟ್ಬಿಡು.”

ಕಾಲುಗಳು ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ದೊರೈ ಈಚೆ ಬಂದ, ಸ್ಪಾನರನ್ನು ನನ್ನ ಕೈಗೆ ಕೊಟ್ಟ, ಸಂಜೆ ಉಗ್ರಾಣದ ಕಿಟಕಿಯಲ್ಲಿ ಕೊಡುತ್ತಿದ್ದಂತೆಯೇ. ರುಕ್ಮಿಣಿ ಕಾಫಿ ತರುವಷ್ಟರಲ್ಲಿ ಬೀದಿಯ ತಿರುವು ದಾಟಿದ್ದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಸ್ಪಾನರು ನನ್ನ ಕೈಯಲ್ಲೇ ಉಳಿದಿತ್ತಲ್ಲ, ನಾನೇ ಬಾನೆಟ್ಟು ಎತ್ತಿದೆ. ಮುಚ್ಚಳದ ನಟ್ಟುಗಳನ್ನು ಬಿಗಿ ಮಾಡಿದೆ. ಇನ್ನಷ್ಟು ಬಿಗಿ ಮಾಡಿದೆ. ಎಣ್ಣೆ ಇನ್ನಷ್ಟು ಸುರಿಯಿತು. ಉಗ್ರಾಣದವನ ತಿಳಿವಳಿಕೆ ಅಷ್ಟೇ: ಸೋರಿದರೆ ಬೀಗ ಹಾಕು.

ಒಂದು ದಿನ ಹಲಸೂರು ಮಾರ್ಕೆಟ್ಟಿನಿಂದ ಬಂದ ರುಕ್ಮಿಣಿ ಸೊಪ್ಪು ಬಿಡಿಸುತ್ತಾ ಹೇಳಿದಳು: “ದೊರೈ ಅಣ್ಣ ಸಿಕ್ಕಿದ್ರು. ಮನೇಲಿ ನಲ್ಲಿ ಸೋರುತ್ತಂತೆ. ವಾಷರ್ ಹಾಕೋಕೆ ಪ್ಲಂಬರ್‌ಗೆ ಹೇಳಿ ಕಾಯ್ತಿದ್ದಾರಂತೆ. ನೀವೇ ಹಾಕಬಹುದಲ್ಲ ಅಣ್ಣ ಅಂದ್ರೆ, ಕೈ ನಡುಗುತ್ತೆ ತಂಗಚ್ಚಿ ಅಂತಾರೆ.” ಸೊಪ್ಪಿನಿಂದ ತಲೆಯೆತ್ತಿ ಕೇಳಿದಳು: “ಏನಂದ್ರಿ ಅವರಿಗೆ?”

ಕೂದಲೆಳೆಯಷ್ಟು ಅಂತರ ತಪ್ಪಿದರೂ ಕಬ್ಬಿಣವನ್ನು ವಾಪಸು ಕಳಿಸುತ್ತಿದ್ದ ಫಿಟ್ಟರು, ನಲ್ಲಿಯ ವಾಷರಿಗೆ ಇನ್ನೊಬ್ಬನ ದಾರಿ ಕಾಯುತ್ತಿದ್ದಾನೆ. ಅಂದು ಸಾರು ಚೆನ್ನಾಗಿರಲಿಲ್ಲ ಎಂದುಕೊಂಡೆ. ಸಾರಿನ ತಪ್ಪಲ್ಲ.

ಮರುದಿನ ದೊರೈನ ಹಳೆಯ ಉಪಾಯವನ್ನೇ ಹಿಡಿದೆ. ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಮೈಗೆಲ್ಲ ಪೌಡರು ಉದುರಿಸಿ, ಸ್ವಲ್ಪ ಹೊತ್ತು ಓಡಿಸುವುದು. ಎಣ್ಣೆ ಹೊರಟ ಜಾಗದಲ್ಲಿ ಪೌಡರು ಮೊದಲು ಒದ್ದೆಯಾಗುತ್ತದೆ. ರುಕ್ಮಿಣಿಯ ಡಬ್ಬಿ ಖಾಲಿಯಾಯಿತು. ಬಿಸಿಯೇರಿದ ಇಂಜಿನ್ನು ಮಲ್ಲಿಗೆ ವಾಸನೆ ಸೂಸಿತು. “ನನ್ನ ಮದುವೇಲೂ ನನಗೆ ಇಷ್ಟು ಬಳಿದಿರಲಿಲ್ಲ,” ಎಂದಳು ಅವಳು, ಮೆಟ್ಟಿಲ ಮೇಲೆ ನಿಂತು. ನಾನು ಜಾಣನಂತೆ ಎಣ್ಣೆ ಹಾಕುವ ಬಾಯಿಯ ಬಿರಡೆ ತೆಗೆದೆ. ಬುಸ್ಸೆಂದು ಒಳಗಿನಿಂದ ಗಾಳಿ ನುಗ್ಗಿ ಪೌಡರೆಲ್ಲ ನನ್ನ ಮುಖಕ್ಕೆ ಬಂತು. ರುಕ್ಮಿಣಿ ನಕ್ಕು ನಕ್ಕು ಕೂತುಬಿಟ್ಟಳು.

ಇಂಜಿನ್ನಿಗೂ ಉಸಿರಾಡಬೇಕು. ಹೊಟ್ಟೆಯೊಳಗಿನ ಗಾಳಿ ಹೊರಹೋಗಲೆಂದು ಅದರ ಪಕ್ಕದಲ್ಲಿ ಬಗ್ಗಿದ ಒಂದು ಕೊಳವೆಯಿರುತ್ತದೆ. ಅದು ಕಟ್ಟಿಕೊಂಡರೆ ಗಾಳಿ ಸಿಕ್ಕ ಸಂದಿಗಳಿಂದೆಲ್ಲ ಎಣ್ಣೆಯನ್ನು ತಳ್ಳಿಕೊಂಡು ಬರುತ್ತದೆ. ಇದನ್ನು ದೊರೈ ನನಗೆ ಎಷ್ಟೋ ಭಾನುವಾರ ಹೇಳಿದ್ದ. ಇಂಜಿನ್ ನಿಲ್ಲಿಸಿ, ಆರಿದ ಮೇಲೆ ಕೆಳಗೆ ನುಸುಳಿ ಕೊಳವೆಗೆ ಬೆರಳು ಹಾಕಿದೆ. ಬೆರಳಿಗೆ ಬಟ್ಟೆ ಸಿಕ್ಕಿತು. ಎಳೆದೆ. ಕಪ್ಪಾಗಿ ನೆನೆದಿದ್ದರೂ ಅಂಚು ನೇರಳೆಯೆಂದು ಗೊತ್ತಾಗುತ್ತಿತ್ತು.

“ಅದು ನನ್ನ ಹಳೆ ಸೀರೆ ಅಲ್ವಾ?” ಎಂದಳು ರುಕ್ಮಿಣಿ. ನಗು ನಿಂತಿತ್ತು. “ಮೈಸೂರಿಗೆ ಹೊರಟ ದಿನ ಕಣಜ ಗೂಡು ಕಟ್ಟುತ್ತೆ, ಪೈಪ್ ಮುಚ್ಚಬೇಕು ಅಂತ ನೀವೇ ಹರ್‌ಕೊಂಡ್ರಲ್ರೀ.”

‘ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು’ ಎಂಬ ಗಾದೆಯನ್ನು ಹೈಸ್ಕೂಲಿನಲ್ಲಿ ವಿಸ್ತರಿಸಿ ಬರೆಯಲು ಕೊಟ್ಟಿದ್ದರು. ಅರ್ಧ ಪುಟಕ್ಕೆ ನನ್ನ ಸರಕು ಮುಗಿದಿತ್ತು. ಈಗ ಕೊಟ್ಟರೆ ಪೂರ್ತಿ ಅಂಕ ತೆಗೆಯುತ್ತೇನೆ.

ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಆಟೋ ಹಿಡಿದು ಹಲಸೂರಿಗೆ ಹೋದೆ. ಕೆಂಪಿಯನ್ನು ಕೊಂಡೊಯ್ಯಲು ಮುಖವಿರಲಿಲ್ಲ. ದೊರೈ ಜಗುಲಿಯಲ್ಲಿ ಕೂತಿದ್ದ. ಪಕ್ಕದ ನಲ್ಲಿಗೆ ದಾರ ಸುತ್ತಿತ್ತು, ಆದರೂ ಬಕೆಟ್ಟಿಗೆ ತೊಟ್ಟು ಬೀಳುತ್ತಲೇ ಇತ್ತು. ಕವರು ಬಿಚ್ಚಿ ತೋರಿಸಿದೆ. “ಉಸಿರು ಪೈಪಿಗೆ ನಾನೇ ತುರುಕಿದ್ದೆ, ದೊರೈ. ಮರೆತುಬಿಟ್ಟಿದ್ದೆ. ನಿನ್ನ ಗ್ಯಾಸ್ಕೆಟ್ ಸರಿಯಾಗೇ ಇತ್ತು. ನಾನು ಅಂದಿದ್ದು ತಪ್ಪು.”

ಅವನು ಬಟ್ಟೆಯನ್ನು ನೋಡಲೂ ಇಲ್ಲ. “ಗೊತ್ತು,” ಎಂದ.

“ಏನು ಗೊತ್ತು?”

“ಅವತ್ತೇ ನೋಡ್ದೆ. ನೇರಳೆ ಅಂಚು ನೇತಾಡ್ತಿತ್ತು. ಎಳೆಯೋಕೆ ಕೈ ಹಾಕಿದ್ದೆ. ಅಷ್ಟರಲ್ಲಿ ಮೇಲಿಂದ ನೀನು ಬಾಯ್ ಬಿಟ್ಟೆ.”

“ಮತ್ತೆ ಯಾಕೋ ತೆಗೀಲಿಲ್ಲ?”

“ಕೈ ನಡುಗುತ್ತಲ್ಲಪ್ಪಾ!” ಎಂದು ಆ ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಹಿಡಿದ. “ನೀನೇ ಹುಡ್ಕು ಅಂತ ಒಳಗೆ ತಳ್ಳಿ ಬಂದೆ. ಇಷ್ಟು ದಿನ ಬೇಕಾಯ್ತಾ? ಸ್ಟೋರ್‌ನೋನು ಸ್ಟೋರ್‌ನೋನೇ ಬಿಡು.”

ನಾನು ಬಯ್ಯಲು ಬಾಯಿ ತೆರೆದೆ. ಬಯ್ಯುವ ಹಕ್ಕು ನನಗಿಲ್ಲವೆಂದು ನೆನಪಾಗಿ ಮುಚ್ಚಿಕೊಂಡೆ. ಕೊನೆಗೆ ಕೇಳಿದೆ: “ಭಾನುವಾರ ಬರ್ತೀಯಾ?”

“ನೋಡೋಣ,” ಎಂದ.

ಬಂದ. ತಿಂಡಿಯಾದ ಮೇಲೆ, ಎಂದಿನ ಹೊತ್ತಿಗೆ. ಕೈಯಲ್ಲಿ ಸುರುಳಿ ಸುತ್ತಿದ ಒಂದು ಹೊಸ ಗ್ಯಾಸ್ಕೆಟ್ಟು, ಮನೆಯಲ್ಲೇ ಕತ್ತರಿಸಿ ತಂದದ್ದು. “ಹಳೇದು ಚೆನ್ನಾಗಿದೆಯಲ್ಲೋ,” ಎಂದೆ. ಅವನು ಮುಚ್ಚಳ ಬಿಚ್ಚಿದ. ನಾನು ಬಿಗಿದಿದ್ದ ಬಿಗಿತಕ್ಕೆ ಕಾರ್ಕು ಹಿಂಡಿ ಹಿಪ್ಪೆಯಾಗಿ, ಟೀಯಲ್ಲಿ ಅದ್ದಿದ ಬಿಸ್ಕತ್ತಿನಂತೆ ಉದುರಿತು. “ನೀನು ಸುಮ್ನಿರೋನಲ್ಲ ಅಂತ ಗೊತ್ತಿತ್ತು,” ಎಂದು ರುಕ್ಮಿಣಿಯ ಕಡೆ ನೋಡಿ ಕಣ್ಣು ಮಿಟುಕಿಸಿದ. ಅವಳು ಕಾಫಿ ಕೊಟ್ಟಳು. ಅವನು ತಟ್ಟೆಗೆ ಚೆಲ್ಲಿದ್ದನ್ನೂ ಬಿಡದೆ ಕುಡಿದ.

ಹಿಂದುಗಡೆಯ ನಟ್ಟಿಗೆ ಬೆಳಕು ಸಾಲದು. ನಾನು ಟಾರ್ಚು ಹಿಡಿದು ಬಗ್ಗಿದೆ. ದೊರೈನ ಕೈಯಲ್ಲಿ ಸ್ಪಾನರು ನಟ್ಟಿಗೆ ಟಿಣ್ ಟಿಣ್ ಎಂದು ತಾಗುತ್ತಿತ್ತು, ಕೂರುತ್ತಿರಲಿಲ್ಲ. ಈ ಸಲ ಬಾಯಿ ಬಿಡಬಾರದು.

“ಡೇಯ್ ಮುನಿ,” ಎಂದ ದೊರೈ, ತಲೆಯೆತ್ತದೆ. “ಟಾರ್ಚ್ ನೆಟ್ಟಗೆ ಹಿಡಿಯೋ. ಬೆಳಕು ಕುಣೀತಿದೆ.”

ನೋಡಿಕೊಂಡೆ. ಕುಣಿಯುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡೆ. ಆಗ ಎರಡೂ ಸೇರಿ ಕುಣಿದವು. ದೊರೈ ಸ್ವಲ್ಪ ಹೊತ್ತು ಕಾದ, ಆಮೇಲೆ ಬೆಳಕು ಹೋದ ಕಡೆಗೆಲ್ಲ ಸ್ಪಾನರನ್ನೂ ಕರೆದುಕೊಂಡು ಹೋಗಿ, ಒಂದು ಸಲ ಇಬ್ಬರೂ ಒಂದೇ ಕಡೆ ಬಂದಾಗ, ನಟ್ಟನ್ನು ಹಿಡಿದ.