ಮೂರನೇ ಪ್ಲಗ್ಗು

ನಮ್ಮ ಭಾವನನ್ನು ಊರೆಲ್ಲ ಕಿವಿ ಮೇಸ್ತ್ರಿ ಎಂದೇ ಕರೆಯುವುದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿಕೊಂಡು ಕೆಟ್ಟಿರುವುದು ಏನೆಂದು ಹೇಳಿಬಿಡುತ್ತಾನೆ ಎಂಬ ಖ್ಯಾತಿ. ಆ ಖ್ಯಾತಿಯ ಜೊತೆ ಹನ್ನೊಂದು ವರ್ಷದಿಂದ ಏಗುತ್ತಿರುವವನು ನಾನು, ಅವನ ಹೆಂಡತಿಯ ತಮ್ಮ. ಎದುರಿಗೆ ‘ನೀವು’ ಎನ್ನುತ್ತೇನೆ, ಮನಸ್ಸಿನೊಳಗೆ ಅಷ್ಟು ಮರ್ಯಾದೆ ಇಲ್ಲ.

ಮೂಗು ಒರೆಸಿದ ಬಟ್ಟೆಯಲ್ಲೇ ಪ್ಲಗ್ಗು ಒರೆಸುತ್ತಾನೆ. ಗ್ರೀಸ್ ಮೆತ್ತಿದ ಬೆರಳಿನಲ್ಲಿ ಟೀ ಲೋಟ ಎತ್ತುತ್ತಾನೆ, ತನ್ನದಲ್ಲ, ನನ್ನದು. ಗಿರಾಕಿ ಸಿಕ್ಕರೆ ಸಾಕು, ತನ್ನ ಕಿವಿಯ ಪುರಾಣ ಬಿಚ್ಚುತ್ತಾನೆ. ಅದೇ ಕಥೆ, ಅದೇ ನಗು, ಕೊನೆಗೆ ನೆಲಕ್ಕೆ ಅದೇ ಉಗುಳು. ಕೇಳಿ ಕೇಳಿ ನನಗೆ ವಾಕರಿಕೆ ಬರುತ್ತಿತ್ತು. ಈಚೆಗಂತೂ ಎರಡು ಸಲ ಕರೆದರೂ ತಿರುಗುತ್ತಿರಲಿಲ್ಲ. ದೊಡ್ಡಸ್ತಿಕೆ ತಲೆಗೇರಿದೆ ಎಂದುಕೊಂಡಿದ್ದೆ.

ಅವತ್ತು ಬೆಳಿಗ್ಗೆ ಬ್ರೆಡ್ ಸಾಗಿಸುವ ಹಳೆಯ ಪೆಟ್ರೋಲ್ ಟ್ರಕ್ಕು ಬಂದಿತ್ತು. ಪೆಟ್ರೋಲಿಗೆ ಕಿಡಿ ಹೊತ್ತಿಸುವ ನಾಲ್ಕು ಪ್ಲಗ್ಗು ಬದಲಾಯಿಸಬೇಕು, ಅಷ್ಟೇ. ನಾನು ಕಿಡಿ ಹಾರುವ ತುದಿಯ ಗ್ಯಾಪ್ ಅಳೆದು, ಪ್ಲಗ್ಗುಗಳನ್ನು ಕೈಯಿಂದಲೇ ತಿರುಗಿಸಿ ಕೂರಿಸಿದೆ. ಕೊನೆಯ ಬಿಗಿ ಮಾತ್ರ ಭಾವನದು, ಅದು ಗ್ಯಾರೇಜಿನ ಕಾನೂನು. ಅದಕ್ಕೆಂದೇ ಅವನ ಹತ್ತಿರ ಒಂದು ಟಾರ್ಕ್ ರೆಂಚ್ ಇದೆ. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ‘ಟಿಕ್’ ಎನ್ನುತ್ತದೆ, ಅಲ್ಲಿಗೆ ಕೈ ನಿಲ್ಲಿಸಬೇಕು. ಭಾವ ಡ್ರೈವರಿಗೆ ಪುರಾಣ ಹೇಳುತ್ತಾ ಬಿಗಿಮಾಡಿದ. ಮೂರನೆಯದಕ್ಕೆ ಮಾತ್ರ, ಮಾತಿನ ಭರದಲ್ಲಿ, ಟಿಕ್, ಟಿಕ್, ಟಿಕ್ ಎಂದು ಮೂರು ಸಲ ಎಳೆದ. ಗಿರಾಕಿಯ ಎದುರು ಶೋಕಿ ಎಂದುಕೊಂಡು ಮುಖ ತಿರುಗಿಸಿದೆ.

ಅರ್ಧ ಗಂಟೆಯಲ್ಲೇ ಟ್ರಕ್ಕು ಕುಂಟುತ್ತಾ ವಾಪಸ್ ಬಂತು. ಡ್ರೈವರ್ ದಡಕ್ಕನೆ ಕೆಳಗಿಳಿದು ಭಾವನ ಮುಖದೆದುರೇ ಕೂಗಿದ.

“ಏನ್ ಮೇಸ್ತ್ರಿ ಇದು? ಮಿಸ್ಸಿಂಗ್ ಹೊಡೀತಿದೆ! ಬೆಳಿಗ್ಗೆ ಚೆನ್ನಾಗೇ ಓಡ್ತಿತ್ತಲ್ಲ?”

ಭಾವ ಒಂದು ಕ್ಷಣವೂ ಯೋಚಿಸಲಿಲ್ಲ. ನನ್ನ ಕಡೆ ಕೈ ತೋರಿಸಿದ.

“ಗ್ಯಾಪ್ ಇಟ್ಟೋನು ಇವ್ನು. ಇಷ್ಟು ವರ್ಷ ಆದ್ರೂ ಒಂದು ಪ್ಲಗ್ಗು ನೆಟ್ಟಗೆ ಕೂರ್ಸೋಕೆ ಬರಲ್ಲ. ನೋಡೋ, ತಪ್ಪು ನಿಂದೇ ಆಗಿದ್ರೆ ನಾಳೆಯಿಂದ ಬರ್ಬೇಡ. ನಿಮ್ಮಕ್ಕಂಗೆ ನಾನೇ ಹೇಳ್ತೀನಿ.”

ನನಗೆ ಬೇರೆ ಕೆಲಸ ಗೊತ್ತಿಲ್ಲ. ಮಲಗುವುದೂ ಅವರ ಮನೆಯ ಹಜಾರದಲ್ಲಿ. ಆದರೂ ಆ ಹೊತ್ತಿನಲ್ಲಿ ನನಗೆ ಬಂದದ್ದು ಭಯವಲ್ಲ, ಹೇಸಿಗೆ. ಡ್ರೈವರನ ಮುಂದೆ ಸ್ವಂತ ಭಾಮೈದನನ್ನು ಕಸದ ಹಾಗೆ ಗುಡಿಸಿಹಾಕುತ್ತಾನಲ್ಲ, ಎಂಥ ಮನುಷ್ಯ!

ಎಂಜಿನ್ ಚಾಲೂ ಮಾಡಿಸಿ ಪ್ಲಗ್ಗಿನ ಕ್ಯಾಪುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕುತ್ತಾ ಹೋದೆ. ಕೆಲಸ ಮಾಡುತ್ತಿರುವ ಸಿಲಿಂಡರಿನ ಕ್ಯಾಪು ಕಿತ್ತರೆ ಎಂಜಿನ್ನಿನ ಸದ್ದು ಕುಗ್ಗುತ್ತದೆ. ಸದ್ದು ಬದಲಾಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ ಎಂದರ್ಥ. ಮೊದಲನೆಯದು ಕಿತ್ತೆ, ಕುಗ್ಗಿತು. ಸ್ಕ್ರೂಡ್ರೈವರನ್ನು ಕಿವಿಗೆ ಆನಿಸಿಕೊಂಡ ಭಾವ ತಲೆ ಆಡಿಸಿದ. ಎರಡನೆಯದೂ ಕುಗ್ಗಿತು, ತಲೆ ಆಡಿಸಿದ. ಮೂರನೆಯದು ಕಿತ್ತಾಗ ಎಂಜಿನ್ ಮೊದಲಿನಂತೆಯೇ ಕುಂಟುತ್ತಿತ್ತು, ಒಂದಿಷ್ಟೂ ವ್ಯತ್ಯಾಸವಿಲ್ಲ. ಭಾವ ಅದಕ್ಕೂ ತಲೆ ಆಡಿಸಿದ. ನಾಲ್ಕನೆಯದು ಕಿತ್ತಾಗ ಸದ್ದು ಕುಗ್ಗಿತು, ಆಗಲೂ ತಲೆ ಆಡಿಸಿದ.

“ನಾಲ್ಕೂ ಸರಿಯಾಗಿವೆ,” ಎಂದ. “ಪೆಟ್ರೋಲಲ್ಲೇ ನೀರು ಬೆರೆತಿದೆ.”

ಭಾವ ಕಣ್ಣು ಮುಚ್ಚಿರಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡುವ ಹುಡುಗನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದ. ಆಗ ನನಗೆ ಗೊತ್ತಾಯಿತು: ಕಿವಿ ಮೇಸ್ತ್ರಿಗೆ ಕಿವಿ ಕೇಳಿಸುತ್ತಿಲ್ಲ.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದೇಕೋ ಆಡಲಿಲ್ಲ. ಚೊಂಬಿನಿಂದ ನೀರು ತಂದು, ನಾಲ್ಕು ಸಿಲಿಂಡರುಗಳಿಂದ ಹೊಗೆ ಹೊರಬರುವ ಕೊಳವೆಗಳ ಮೇಲೆ ಒಂದೊಂದು ಹನಿ ಬಿಟ್ಟೆ.

“ಭಾವ, ಇಲ್ಲಿ ನೋಡಿ.”

ಮೂರು ಹನಿಗಳು ಚುರ್ರೆಂದು ಆವಿಯಾದವು. ಮೂರನೇ ಕೊಳವೆಯ ಮೇಲಿನ ಹನಿ ಮೆಲ್ಲಗೆ ಕೆಳಗೆ ಜಾರಿತು. ಅಲ್ಲಿ ಪೆಟ್ರೋಲ್ ಉರಿಯುತ್ತಲೇ ಇರಲಿಲ್ಲ. ಎಂಜಿನ್ ನಿಲ್ಲಿಸಿ ಆ ಪ್ಲಗ್ಗು ಬಿಚ್ಚಲು ಎರಡೂ ಕೈಯ ಬಲ ಬೇಕಾಯಿತು. ಹೊರಗೆ ಬಂದಾಗ ಅದರ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು, ಕಿಡಿ ಅಲ್ಲಿಂದಲೇ ಸೋರಿಹೋಗುತ್ತಿತ್ತು.

“ಬಿಗಿ ಜಾಸ್ತಿ ಆಗಿದೆ,” ಎಂದೆ. ಯಾರ ಕೈಯ ಬಿಗಿ ಎಂದು ಹೇಳಲಿಲ್ಲ.

ಭಾವ ಅದನ್ನು ತೆಗೆದುಕೊಂಡು ಬಿರುಕಿನ ಮೇಲೆ ಉಗುರು ಎಳೆದು ನೋಡಿದ. ಆಮೇಲೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ರೆಂಚನ್ನು ನನ್ನ ಕೈಗೆ ಕೊಟ್ಟ. ಹೊಸ ಪ್ಲಗ್ಗು ಹಾಕಿದೆ. ಒಂದೇ ಟಿಕ್, ಕೈ ನಿಲ್ಲಿಸಿದೆ. ಟ್ರಕ್ಕು ಕುಂಟದೆ ಹೊರಟುಹೋಯಿತು.

“ಬೆಳಿಗ್ಗೆ ಟಿಕ್ ಅಂದಿತ್ತೇನೋ?” ಎಂದು ಭಾವ ಕೇಳಿದ. ನಾನು ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿದೆ.

“ಮೂರು ಸಲ ಅಂತು ಭಾವ.”

“ನಿಂಗೆ ಕೇಳಿಸ್ತು ಅಂದ್ಮೇಲೆ ಯಾಕೋ ಸುಮ್ನಿದ್ದೆ?”

“ಶೋಕಿಗೆ ಮಾಡ್ತಿದ್ದೀರಿ ಅಂದ್ಕೊಂಡೆ.”

ಸುಳ್ಳು. ಇದನ್ನು ಓದುತ್ತಿರುವ ನಿಮಗೂ ಅದೇ ಸುಳ್ಳು ಹೇಳಿದ್ದೇನೆ. ಬಿಗಿ ಹೆಚ್ಚಾಗುತ್ತಿದೆ ಎಂದು ಎರಡನೇ ಟಿಕ್ಕಿಗೇ ನನಗೆ ಗೊತ್ತಾಗಿತ್ತು. ಒಡೆದರೆ ಒಡೆಯಲಿ, ಗಿರಾಕಿಯ ಮುಂದೆ ಇವನ ಮಾನ ಹೋಗಲಿ ಎಂದುಕೊಂಡೇ ಸುಮ್ಮನಿದ್ದೆ.

ಭಾವ ತಲೆ ಆಡಿಸಿ, ಮೂಗು ಒರೆಸಿದ್ದ ಆ ಬಟ್ಟೆಯನ್ನೇ ನನ್ನತ್ತ ಚಾಚಿದ. ತೆಗೆದುಕೊಂಡು ಎರಡೂ ಕೈ ಒರೆಸಿಕೊಂಡೆ. ಮೊದಲ ಸಲ ಅದು ಅಸಹ್ಯ ಅನ್ನಿಸಲಿಲ್ಲ, ಅಸಹ್ಯವೆಲ್ಲ ನನ್ನ ಮೇಲೇ ಖರ್ಚಾಗಿತ್ತು.