ಕೃಷ್ಣಾಬಾಯಿಯವರ ಹಪ್ಪಳ, ನಮ್ಮವರ ಮಡಿ

ಪುಣೆಯ ಕನ್ನಡ ಮನೆಗಳಲ್ಲಿ ಹಪ್ಪಳ, ಸಂಡಿಗೆ, ಶಾವಿಗೆಗಳ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ಶ್ರೀಮತಿ ಕೃಷ್ಣಾಬಾಯಿಯವರದು. ಮೂವತ್ತು ವರ್ಷ ನಡೆಸಿದ ಉದ್ಯೋಗವನ್ನು ಮಗಳು ಅಂಬಾಳ ಕೈಗೊಪ್ಪಿಸಿ, ಅರವತ್ತನೆಯ ವಯಸ್ಸಿನಲ್ಲಿ ವಿಶ್ರಾಂತರಾಗುತ್ತಿರುವ ಅವರಿಗೆ ಈ ಅಭಿನಂದನ ಗ್ರಂಥವನ್ನು ಅರ್ಪಿಸುತ್ತಿರುವುದು ಉಚಿತವೇ. ಆದರೆ ಅಭಿನಂದನ ಸಮಿತಿಯವರು ಈ ಲೇಖನಕ್ಕೆ ಕೊಟ್ಟ ವಿಷಯ: ಸಂಸಾರ, ಸಂತಾನ, ವ್ಯಾಪಾರಗಳನ್ನು ಅವರು ಸರಿದೂಗಿಸಿದ ಬಗೆ! ಓದಿ ಹೇಳಿದಾಗ ಕೃಷ್ಣಾಬಾಯಿಯವರು ಹಣೆ ಚಚ್ಚಿಕೊಂಡರು.

"ಸರಿದೂಗತಿತ್ತು ಅಂತ ಯಾರ ಹೇಳಿದ್ರು ನಿಮಗ? ಒಂದ ಹಿಡಿದ್ರ ಇನ್ನೊಂದು ಬೀಳತಿತ್ತು."

ಧಾರವಾಡದಿಂದ ಸೊಸೆಯಾಗಿ ಕಸಬಾ ಪೇಟೆಯ, ಹಲವು ಬಿಡಾರಗಳ ವಾಡೆಯೊಂದರ ಎರಡು ಕೋಣೆಗಳಿಗೆ ಬಂದವರು ಅವರು. ಮೊದಲ ಮಹಾಯುದ್ಧದ ತುಟ್ಟಿಯ ಕಾಲದಲ್ಲಿ, ಗುಮಾಸ್ತರಾಗಿದ್ದ ಪತಿ ಪ್ರಲ್ಹಾದರಾಯರ ಸಂಬಳ ಸಾಲದೆ, ಹಪ್ಪಳ ಮಾಡಿ ಮಾರತೊಡಗಿದರು. ಕೊಳ್ಳುವವರೆಲ್ಲ ನಮ್ಮ ವೈದಿಕ ಮನೆಗಳವರೇ. ಪ್ರತಿಯೊಬ್ಬರೂ ಕೇಳುತ್ತಿದ್ದದ್ದು, ಮಡಿಯಲ್ಲಿ ಮಾಡಿದ್ದೇ ಎಂದು. ಆ ಮಡಿಯನ್ನು ಕಾಯಲು ಅತ್ತೆ ರಂಗೂಬಾಯಿಯವರು ಅಡಿಗೆಮನೆಯ ಬಾಗಿಲಲ್ಲೇ ಠಿಕಾಣಿ ಹೂಡಿದರು. ಮಡಿಸೀರೆಯುಟ್ಟು ಹಿಟ್ಟಿಗೆ ಕೈಹಾಕಿದ ಸೊಸೆಯನ್ನು ಅಂಗಿ ತೊಟ್ಟ ಮಗು ಮುಟ್ಟಿದರೂ ಮಡಿ ಕೆಟ್ಟಂತೆ. ಬರಿಮೈಯಲ್ಲಿ ಬಂದರೆ ಮಾತ್ರ ದೋಷವಿಲ್ಲ. ಪುಟ್ಟ ಅಂಬಾಳಿಗೆ ಹಸಿವಾಗಲಿ, ನಿದ್ದೆ ಬರಲಿ, ಅಜ್ಜಿಯದು ಒಂದೇ ಮಾತು: "ಅಂಗಿ ತಗದು ಹೋಗು." ಗಡಗಡ ನಡುಗಿಸುವ ಚಳಿಯಲ್ಲೂ ಅದೇ. ಪ್ರಲ್ಹಾದರಾಯರಿಗೆ ಹೇಳಿದರೆ, "ಅವ್ವನ್ನ ಕೇಳು" ಎಂದು ಪಗಡಿ ಸರಿಪಡಿಸಿಕೊಂಡು ಕಚೇರಿಗೆ ಹೊರಟುಬಿಡುತ್ತಿದ್ದರು. ಇಂಥ ಪುಣ್ಯಾತ್ಮರ ನಡುವೆ ಕೃಷ್ಣಾಬಾಯಿಯವರ ತಲೆ ನೆಟ್ಟಗೆ ಉಳಿದದ್ದೇ ದೊಡ್ಡದು.

ಅಂಬಾಳಿಗೆ ನಾಲ್ಕು ತುಂಬಿದ ವರ್ಷ, ಮಾಘದಲ್ಲಿ, ಶ್ರೀಮಂತರಾದ ನರ್ಮದಾಬಾಯಿಯವರ ಮನೆಯ ಮದುವೆಗೆ ಬುಟ್ಟಿಗಟ್ಟಲೆ ಹಪ್ಪಳ ಒಪ್ಪಿಕೊಂಡಿದ್ದರು. ಇದು ಸುಸೂತ್ರವಾದರೆ ದೊಡ್ಡ ಮನೆಗಳ ಬಾಗಿಲು ತೆರೆದಂತೆ. ಕೆಟ್ಟರೆ ವ್ಯಾಪಾರವೇ ಮುಳುಗಿದಂತೆ. ಹಿಟ್ಟು ಕುಟ್ಟಿ ಉಂಡೆ ಕಟ್ಟುತ್ತಿದ್ದಾಗ ಮಗಳು ವಾಡೆಯ ಮೆಟ್ಟಿಲಿನಿಂದ ಬಿದ್ದಳು. ಹಣೆಯೊಡೆದು ರಕ್ತ ಇಳಿಯುತ್ತಿತ್ತು. ಓಡಿ ಬಂದವಳು ತಾಯಿಯ ಹತ್ತಿರ ಹೋಗಲಿಲ್ಲ. ಬಾಗಿಲಲ್ಲೇ ನಿಂತು, ಬಿಕ್ಕುತ್ತ, ಅಂಗಿಯ ಕಸೆ ಬಿಚ್ಚತೊಡಗಿದಳು.

ಕೃಷ್ಣಾಬಾಯಿಯವರು ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಅಂಗಿ ಸಮೇತ ಅವಳನ್ನು ಅವಚಿಕೊಂಡರು.

"ಹಿಟ್ಟೆಲ್ಲಾ ಹಾಳ ಮಾಡಿದ್ಯಲ್ಲ!" ಎಂದರು ಅತ್ತೆ.

"ಹಿಟ್ಟು ಛಲೋನ ಅದರೀ. ಮಡಿ ಅಷ್ಟ ಹೋಗೇದ."

ಅದೇ ಹಿಟ್ಟಿನ ಹಪ್ಪಳ ಒಣಗಿಸಿ, ತಾವೇ ಹೊತ್ತೊಯ್ದು, ನಡೆದದ್ದನ್ನು ಮುಚ್ಚಿಡದೆ ಹೇಳಿದರು. ನರ್ಮದಾಬಾಯಿಯವರು ಬುಟ್ಟಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಸುದ್ದಿ ಹರಡಿ ಹಳೆಯ ಗಿರಾಕಿಗಳೂ ಕೈಬಿಟ್ಟರು. ಹಪ್ಪಳಕ್ಕಾಗಿ ಕೃಷ್ಣಾಬಾಯಿಯವರು ಮತ್ತೆಂದೂ ಮಡಿಯುಡಲಿಲ್ಲ; ಬುಟ್ಟಿಯೆತ್ತಿಕೊಂಡು, ಮಡಿಯ ಗೊಡವೆಯಿಲ್ಲದ ಮನೆಗಳ ಬಾಗಿಲು ತಟ್ಟಿದರು. ಬಟ್ಟೆ ವ್ಯಾಪಾರಿ ಮುರುಗೆಪ್ಪನವರ ಪತ್ನಿ ಸಾವಂತ್ರವ್ವನವರು ಒಂದನ್ನು ಕೆಂಡದ ಮೇಲೆ ಸುಟ್ಟು ತಿಂದು, ಓಣಿಯವರನ್ನೆಲ್ಲ ಕರೆದರು. ವ್ಯಾಪಾರ ನಿಧಾನವಾಗಿ ಚೇತರಿಸಿತು. ಮುಂದೆ ಕೆಲಸಕ್ಕೆ ಬಂದ ಹೆಂಗಸರಿಗೆ, ಮಕ್ಕಳನ್ನು ಬಿಟ್ಟು ಬರಬೇಡಿರೆಂದು ಕೃಷ್ಣಾಬಾಯಿಯವರೇ ತಾಕೀತು ಮಾಡಿದರು. ಹಾಗೆ ತಾಯಿಯ ಸೆರಗು ಹಿಡಿದು ಬಂದು, ಆ ಹಿಟ್ಟು ನಾದುವ ಪರಾತದ ಪಕ್ಕದಲ್ಲೇ ಬೆಳೆದವಳು ಈ ಲೇಖಕಿ.

ಇಷ್ಟೆಲ್ಲ ತಿಳಿದೂ ನಮ್ಮ ಸಮಿತಿಯವರು ಸಮಾರಂಭದ ಊಟಕ್ಕೆ ಬೇರೆಡೆಯಿಂದ ಹಪ್ಪಳ ತರಿಸುತ್ತಿದ್ದಾರೆ. ಹಿರಿಯರಿಗೆ ಮಡಿಯವೇ ಆಗಬೇಕಂತೆ! ಕಾರ್ಯದರ್ಶಿ ಬಾಳಕೃಷ್ಣರಾಯರು ತೊದಲುತ್ತ ಇದನ್ನು ತಿಳಿಸಿದಾಗ ಈ ಲೇಖಕಿಗೆ ಮೈಯೆಲ್ಲ ಉರಿಯಿತು. ಕೃಷ್ಣಾಬಾಯಿಯವರು ಲಟ್ಟಣಿಗೆ ಕೆಳಗಿಡದೆಯೇ ಹೇಳಿದರು:

"ಹಿರೇರಿಗೆ ಅವನ್ನ ಬಡಸ್ರಿ. ಹುಡುಗರ ಪಂಕ್ತಿಗೆ ನನ್ನವು ಬಡಸ್ರಿ."

ಅವರು ನೂರು ವರ್ಷ ಆರೋಗ್ಯದಿಂದ ಬಾಳಲಿ, ಅವರ ಕೈಕೆಲಸ ಮಗಳ ಕೈಯಲ್ಲಿ ಎಂದಿನಂತೆ ಸಾಗಲಿ. ಸಮಾರಂಭದಂದು ಹಿರಿಯರ ಸಾಲಿನಲ್ಲಿ ಈ ಲೇಖಕಿಗೆ ಎಲೆ ಹಾಕುವುದು ಬೇಡ. ಅವಳು ಹುಡುಗರ ಪಂಕ್ತಿಯಲ್ಲಿ ಕೂಡುವವಳು.