ಹರಿಹರದಿಂದ ಕೂತು ಬರುತ್ತಿದ್ದೆವು

ನಾನೂ ನನ್ನ ಮಗಳೂ ಹರಿಹರದಲ್ಲಿದ್ದೆವು. ಕೆಲಸ ದಾವಣಗೆರೆಯಲ್ಲಿ. ಮಂಡಿಪೇಟೆಯ ಒಂದು ಖಾನಾವಳಿಯಲ್ಲಿ ಅವಳು ರೊಟ್ಟಿ ಬಡಿಯುವವಳು, ನಾನು ಹಿಂದುಗಡೆ ನೆಲದ ಮೇಲೆ ಕೂತು ಸೊಪ್ಪು ಸೋಸುವವಳು, ಈರುಳ್ಳಿ ಹೆಚ್ಚುವವಳು. ಅವಳ ಗಂಡ ಲಾರಿ ಓಡಿಸುತ್ತಿದ್ದ, ಸತ್ತ. ಮಕ್ಕಳಾಗಿರಲಿಲ್ಲ. ಅತ್ತೆ ಮನೆಯವರು ಇಟ್ಟುಕೊಳ್ಳಲಿಲ್ಲ, ನಾನು ಕರೆದುಕೊಂಡು ಬಂದೆ. ಅದಾಗಿ ಬಹಳ ವರ್ಷವಾಯಿತು, ಅದಕ್ಕೆ ಈಗ ಅಳುವುದೇನೂ ಇಲ್ಲ. ನಾನು ಹೇಳುವುದು ಅವಳ ಕಾಲಿನ ಸಂಗತಿ.

ಮೊದಲು ಆ ಖಾನಾವಳಿಯಲ್ಲಿ ರೊಟ್ಟಿಯನ್ನು ಕೂತೇ ಬಡಿಯುತ್ತಿದ್ದರು. ಒಳಗಡೆ ಹೊಗೆಯಲ್ಲಿ ಸೌದೆ ಒಲೆ ಇತ್ತು. ಆಮೇಲೆ ಊಟಕ್ಕೆ ಬಂದವರಿಗೆ ರೊಟ್ಟಿ ಬಡಿಯುವುದು ಕಣ್ಣಿಗೆ ಕಾಣಬೇಕು ಎನ್ನುವ ಹೊಸ ರೂಢಿ ಬಂತು. ಖಾನಾವಳಿ ನಡೆಸುವ ಹೆಂಗಸನ್ನು ನಾವು ಅಕ್ಕಾರು ಅನ್ನುತ್ತೇವೆ. ಅಕ್ಕಾರು ಬಾಗಿಲ ಹತ್ತಿರ ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿಸಿ, ಕಪ್ಪು ಕಲ್ಲು ಹಾಕಿಸಿ, ಗ್ಯಾಸ್ ಒಲೆ ಇಡಿಸಿದರು. ಅವತ್ತಿನಿಂದ ನಿಂತೇ ಬಡಿಯಬೇಕು. ಮಂಡಿಯ ದಲಾಲರು, ಲಾರಿಯವರು, ಹಮಾಲರು ಬಂದು ನೋಡುತ್ತಾ ಉಣ್ಣುತ್ತಾರೆ. ನೋಡುವವರಿಗೆ ಚಂದ.

ನಿಂತು ನಿಂತು ಮಗಳ ಎಡಗಾಲಿನಲ್ಲಿ ನರ ಉಬ್ಬಿದವು. ಮೊದಲು ಮೀನಖಂಡದಲ್ಲಿ ಹಸಿರು ಗೆರೆ ಇದ್ದವು, ಆಮೇಲೆ ಹುಳ ಮಲಗಿದ ಹಾಗೆ ಗಂಟು ಗಂಟಾದವು. ಸಂಜೆಗೆ ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಹರಿಹರದ ಮನೆಗೆ ಹೋದ ಮೇಲೆ ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ, ನೆಲದ ಮೇಲೆ ಮಲಗಿ ಎರಡೂ ಕಾಲನ್ನು ಗೋಡೆಗೆ ಎತ್ತಿ ಇಡುವುದು. ಅಡುಗೆ ನಾನು ಮಾಡುತ್ತಿದ್ದೆ. ಒಂದೇ ಕೋಣೆ, ಮೇಲೆ ತಗಡು. ಹೊಳೆ ಹತ್ತಿರ ಇದ್ದದ್ದಕ್ಕೆ ಸೊಳ್ಳೆ ಜಾಸ್ತಿ, ನೀರಿಗೆ ಮಾತ್ರ ತೊಂದರೆ ಇರಲಿಲ್ಲ.

ಬೆಳಿಗ್ಗೆ ಬಸ್ಸು ಹರಿಹರದಿಂದಲೇ ಹೊರಡುತ್ತಿತ್ತು, ಖಾಲಿ ನಿಂತಿರುತ್ತಿತ್ತು. ಹತ್ತಿ ಕೂಡುತ್ತಿದ್ದೆವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೂ ಹೊರಡುವ ಜಾಗದಲ್ಲಿ ಹತ್ತುವವರಿಗೆ ಸೀಟು ತಪ್ಪುತ್ತಿರಲಿಲ್ಲ. ಸಂಜೆ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಹಾಗಲ್ಲ. ಕಿಟಕಿಯಿಂದ ಬ್ಯಾಗು, ಟವೆಲ್ಲು ಒಗೆಯುವವರು, ಕಾಲೇಜಿನ ಹುಡುಗಿಯರು, ಆಸ್ಪತ್ರೆಗೆ ಬಂದವರು. ಮಗಳು ನಿಂತು ಹೋಗಲಾರಳು. ಅದಕ್ಕೆ ಒಂದು ಬಸ್ಸು ಬಿಡುತ್ತಿದ್ದೆವು, ಇನ್ನೊಂದು ಬಿಡುತ್ತಿದ್ದೆವು. ಸೀಟು ಸಿಗುವ ಬಸ್ಸು ಬರುವ ತನಕ ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತಾ ಕೂತಿರುತ್ತಿದ್ದೆವು. ನನಗೆ ಸಿಟ್ಟು ಬರುತ್ತಿತ್ತು. ಆ ಹೊತ್ತಿಗೆ ಮನೆಗೆ ಹೋಗಿ ಅನ್ನ ಮಾಡಿ ಉಂಡು ಮುಗಿಸಬಹುದಿತ್ತು.

ದಿನಾ ನೋಡುವ ಕಂಡಕ್ಟರ್ ಒಬ್ಬ ಇದ್ದ. ಒಂದು ದಿನ ನನ್ನ ಆಧಾರ್ ಕಾರ್ಡು ನೋಡಿ, "ಏನಜ್ಜಿ, ಪುಕ್ಕಟೆ ಅಂತ ದಿನಾ ಸುತ್ತಾಕೆ ಬರ್ತೀಯೇನು?" ಅಂದ.

"ಹೂಂನಪ್ಪ. ನಿಮ್ಮ ಬಸ್ ಸ್ಟ್ಯಾಂಡ್ ಭಾಳ ಚಂದ ಐತೆ, ದಿನಾ ನೋಡಿದ್ರೂ ಸಾಕಾಗಲ್ಲ."

"ನಿನ್ನ ಬಾಯಿಗೆ ಟಿಕೆಟ್ ಹಾಕ್ಬೇಕು ನೋಡು."

"ಹಾಕು. ಆದ್ರೆ ಸೀಟು ಎಲ್ಡು ಕೊಡ್ಬೇಕಾಗುತ್ತೆ."

ಬಸ್ಸಿನವರೆಲ್ಲ ನಕ್ಕರು. ಮಗಳು ನಗಲಿಲ್ಲ, ಆಗಲೇ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತಿದ್ದಳು.

ಕಾಲು ಇನ್ನೂ ಕೆಟ್ಟಿತು. ಡಾಕ್ಟರಿಗೆ ತೋರಿಸಿದೆವು. ಅವರು ಕಾಲನ್ನು ಹಿಡಿದು ನೋಡಿ, "ನಿಂತು ಮಾಡೋ ಕೆಲಸ ಬಿಡಬೇಕಮ್ಮ," ಅಂದರು.

"ಕೂತು ಮಾಡೋದು ನೀವು ಕೊಡ್ಸ್ತೀರೇನ್ರಿ?" ಅಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಎಲ್ಲಿಂದ ಬರುತ್ತೀರಿ ಎಂದು ಕೇಳಿದರು. ಹರಿಹರ ಅಂದೆ. "ಕೆಲಸ ಬಿಡೋಕೆ ಆಗದಿದ್ರೆ ಈ ಓಡಾಟನಾದ್ರೂ ಬಿಡಿ. ಹತ್ತಿರ ಮನೆ ಮಾಡಿ. ಉಳಿದ ಹೊತ್ತಲ್ಲಿ ಕಾಲು ಎತ್ತಿಟ್ಟು ಮಲಗಲಿ. ಇಲ್ಲದಿದ್ರೆ ಹುಣ್ಣಾಗುತ್ತೆ, ಹುಣ್ಣಾದ್ರೆ ಸುಲಭಕ್ಕೆ ಮಾಯಲ್ಲ." ಬಿಗಿಯಾದ ಕಾಲುಚೀಲ ಬರೆದುಕೊಟ್ಟರು. ಒಲೆ ಮುಂದೆ ಅದನ್ನು ಹಾಕಿಕೊಂಡು ನಿಂತರೆ ಕಾಲು ಬೆಂದ ಹಾಗೆ ಆಗುತ್ತದೆ ಎಂದು ಅವಳು ಎರಡೇ ದಿನಕ್ಕೆ ತೆಗೆದಿಟ್ಟಳು.

ಡಾಕ್ಟರು ಹೇಳಿದ್ದು ಸರಿ ಅನ್ನಿಸಿತು. ಓಡಾಟದಲ್ಲಿ ಎಷ್ಟು ಹೊತ್ತು ಹೋಗುತ್ತದೆ, ಅದೆಲ್ಲ ಉಳಿದರೆ ಅವಳು ಮಲಗಬಹುದು. ಖಾನಾವಳಿಯ ರಜೆ ದಿನ ಇಬ್ಬರೂ ಮನೆ ಹುಡುಕುತ್ತಾ ತಿರುಗಿದೆವು.

ಮೊದಲು ನೋಡಿದ್ದು ಮಂಡಿಪೇಟೆಯ ಹಿಂದಿನ ಓಣಿಯಲ್ಲಿ. ಕೆಳಗೆ ಒಣ ಮೆಣಸಿನಕಾಯಿ ಗೋದಾಮು, ಮೇಲೆ ಒಂದು ಕೋಣೆ. ಹತ್ತುವಾಗಲೇ ಕೆಮ್ಮು ಬಂತು. ಆದರೆ ಅಲ್ಲಿಂದ ಖಾನಾವಳಿಯ ಬೋರ್ಡು ಕಾಣುತ್ತಿತ್ತು. ಮನೆ ಯಜಮಾನರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ನಮ್ಮ ಜನವೇ ಎಂದು ವಿಚಾರಿಸಿಕೊಂಡರು, ನೀರು ವಾರಕ್ಕೊಮ್ಮೆ ಬರುತ್ತದೆ ಅಂದರು. ಆಮೇಲೆ ಕೇಳಿದರು:

"ಗಂಡಸ್ರು ಯಾರದಾರೆ?"

"ಯಾರೂ ಇಲ್ರಿ. ನಾವಿಬ್ರೇ."

"ಗಂಡಸ್ರಿಲ್ಲ ಅಂದ್ರೆ ಮನಿ ಜವಾಬ್ದಾರಿ ಯಾರದು?"

"ಗಂಡಸ್ರಿದ್ದಾಗ್ಲೂ ನಂದೇ ಇತ್ರಿ."

ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಮನೆ ಸಿಗಲಿಲ್ಲ. ಅದೇ ಓಣಿಯಲ್ಲಿ ಇನ್ನೂ ಇಬ್ಬರು ಅದೇ ಮಾತು ಕೇಳಿದರು, ನಾನೂ ಅದೇ ಉತ್ತರ ಕೊಟ್ಟೆ. ಮಗಳು ನನ್ನ ಸೆರಗು ಜಗ್ಗಿ, "ಮನಿ ಕೇಳಾಕೆ ಬಂದಿಯೋ, ಜಗಳ ತೆಗಿಯಾಕೆ ಬಂದಿಯೋ?" ಅಂದಳು.

ಊರ ಹೊರಗಿನ ಒಂದು ಹೊಸ ಬಡಾವಣೆಯಲ್ಲಿ ಗಂಡಸರನ್ನು ಕೇಳದವರು ಸಿಕ್ಕರು. ಮನೆ ಚೆನ್ನಾಗಿತ್ತು. ಆದರೆ ಸಿಟಿ ಬಸ್ಸು ಯಾವಾಗಲೋ ಒಂದು. ಇಳಿದ ಮೇಲೆ ಮತ್ತೆ ನಡೆಯಬೇಕು. ದಾವಣಗೆರೆಯೊಳಗೇ ಇದ್ದರೂ ಹರಿಹರದಷ್ಟೇ ಹೊತ್ತು. ಮಗಳು ಸ್ಟಾಪಿನಲ್ಲಿ ನಿಂತು ಬಂದ ಬಸ್ಸು ನೋಡಿದಳು, ಫುಟ್‌ಬೋರ್ಡಿನ ಮೇಲೂ ಜನ. "ಬ್ಯಾಡ ಯವ್ವಾ. ಇಲ್ಲಿಗೆ ಬರೋ ಹೊತ್ತಿಗೆ ತುಂಬಿರುತ್ತೆ. ಹರಿಹರದ್ದಾದ್ರೆ ಖಾಲಿ ನಿಂತಿರುತ್ತೆ," ಅಂದಳು. ಅವಳು ಹೇಳಿದ್ದನ್ನು ನಾವಿಬ್ಬರೂ ಅಲ್ಲೇ ಪೂರ್ತಿ ಯೋಚನೆ ಮಾಡಬೇಕಿತ್ತು. ಬಿಸಿಲಿತ್ತು, ಮಾಡಲಿಲ್ಲ.

ನಾವು ಮನೆ ಹುಡುಕುವ ಸುದ್ದಿ ಅಕ್ಕಾರಿಗೆ ಮುಟ್ಟಿತು. ಅವರ ಮನೆ ದೇವರಾಜ ಅರಸು ಬಡಾವಣೆಯಲ್ಲಿ. "ನಮ್ಮ ಹಿತ್ಲಾಗೆ ಒಂದು ರೂಮು ಖಾಲಿ ಐತೆ, ಬಂದಿರ್ರಿ," ಅಂದರು. "ಬಾಡಿಗಿ ಏನೂ ಬ್ಯಾಡ. ಪಾತ್ರಿ ತರೋ ಗಾಡಿಯಾಗೇ ಕೂತ್ಕೊಂಡು ಬರ್ರಿ, ಗಾಡಿಯಾಗೇ ಹೋಗ್ರಿ."

"ಬಾಡಿಗಿ ಬ್ಯಾಡ ಅಂದ್ರೆ ಮತ್ತೇನು ಬೇಕ್ರಿ ಅಕ್ಕಾರೆ?"

"ನಿನ್ನ ಬಾಯಿ ಒಂದು ಹರಿಹರದಾಗೆ ಬಿಟ್ಟು ಬಾ. ಅಷ್ಟೇ ಸಾಕು."

ಅಂದು ಸಂಜೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಮಾತಾಡಿದೆವು.

"ಅವರ ಹಿತ್ಲಾಗಿದ್ರೆ ಕರೆದಾಗೆಲ್ಲ ಓ ಅನ್ಬೇಕಾಗುತ್ತೆ," ಅಂದೆ.

"ಈಗೇನು ಅನ್ತಿಲ್ವೇನು?"

"ಈಗ ಬಸ್ಸು ಹೋಗುತ್ತೆ ಅಂತ ಎದ್ದು ಬರ್ತೀವಿ. ಅಲ್ಲಿ ಯಾವ ಬಸ್ಸು ಹೋಗುತ್ತೆ?"

ಅವಳು ಸೀರೆ ಸ್ವಲ್ಪ ಮೇಲೆತ್ತಿ ಕಾಲು ತೋರಿಸಿದಳು. ಪಾದದ ಹರಡಿನ ಮೇಲೆ ಚರ್ಮ ಕಪ್ಪಾಗಿ ಹೊಳೆಯುತ್ತಿತ್ತು. "ನೀನೇ ಹೇಳು ಮತ್ತೆ, ಎಲ್ಲಿಗೆ ಹೋಗಾಣ," ಅಂದಳು. ನನ್ನ ಹತ್ತಿರ ಬೇರೆ ಜಾಗ ಇರಲಿಲ್ಲ. ಹೋದೆವು.

ಅಕ್ಕಾರು ಕೆಟ್ಟವರೇನಲ್ಲ. ಹೋದ ದಿನವೇ ಕೊಬ್ಬರಿ ಎಣ್ಣೆ, ಮುಲಾಮು, ಒಂದು ಹಳೆ ಮಂಚ ಕೊಟ್ಟರು. ಆದರೆ ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದರು, ಅವರಿಗೆ ಬೆಳಿಗ್ಗೆ ಮೆತ್ತಗಿನ ರೊಟ್ಟಿ ಬೇಕು. "ಹೆಂಗೂ ಎದ್ದಿರ್ತೀಯಲ್ಲವ್ವ, ನಾಲ್ಕೇ ನಾಲ್ಕು," ಅಕ್ಕಾರು ಮಗಳಿಗೆ ಅನ್ನುತ್ತಿದ್ದರು. ನಾಲ್ಕು ರೊಟ್ಟಿಗೆ ಒಲೆ ಹಚ್ಚಿದ ಮೇಲೆ ಮನೆಯವರಿಗೆಲ್ಲ ಆಗಲಿ ಅನ್ನುವುದು ತಾನಾಗೇ ಬರುತ್ತದೆ. ಅಲ್ಲಿಂದ ಗಾಡಿ. ಪಾತ್ರೆಗಳ ನಡುವೆ ಕುಕ್ಕುರುಗಾಲಲ್ಲಿ ಕೂತರೆ ಮಂಡಿಪೇಟೆ ಬಂದೇ ಬಿಡುತ್ತಿತ್ತು. ಎಷ್ಟು ಬೇಗ ಎಂದು ಮೊದಲ ವಾರ ನಾನೇ ಹೊಗಳಿದ್ದೆ.

ಸಂಜೆ ಇನ್ನೂ ಕಷ್ಟವಾಯಿತು. ಮೊದಲಾದರೆ ಹರಿಹರದ ಬಸ್ಸಿನ ಹೆಸರು ಹೇಳಿ ಹೊರಟುಬಿಡುತ್ತಿದ್ದೆವು. ಈಗ ಅಕ್ಕಾರ ಗಾಡಿ ಹೊರಡುವ ತನಕ ನಾವೂ ಹೊರಡುವ ಹಾಗಿಲ್ಲ. ಸುಮ್ಮನೆ ಕೂತಿರುವುದು ಚಂದ ಕಾಣುವುದಿಲ್ಲ ಎಂದು ಮಗಳು ಕಟ್ಟೆ ತೊಳೆಯುವಳು, ಹಂಚು ಉಜ್ಜುವಳು. ಮನೆಗೆ ಬಂದರೆ ನೆಂಟರಿರುತ್ತಿದ್ದರು. ಯಾರೂ ಬೈದು ಮಾಡಿಸಲಿಲ್ಲ. "ಸ್ವಲ್ಪ ಬಾರವ್ವ" ಅಷ್ಟೇ.

ಕಾಲು ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ನನಗೆ ಅರ್ಥವಾಗಲಿಲ್ಲ. ಓಡಾಟ ತಪ್ಪಿದೆ, ಬಸ್ಸು ತಪ್ಪಿದೆ, ಹೊಳೆ ದಾರಿಯ ನಡಿಗೆ ತಪ್ಪಿದೆ, ಕಾಲು ಯಾಕೆ ಊದುತ್ತದೆ? ಒಂದು ದಿನ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಇದನ್ನೇ ಯೋಚಿಸುತ್ತಿದ್ದೆ. ಇವಳು ಇವತ್ತು ಎಲ್ಲಿ ಕೂತಳು ಎಂದು ನೆನಪು ಮಾಡಿಕೊಂಡೆ. ಗಾಡಿಯಲ್ಲಿ ಕುಕ್ಕುರುಗಾಲಲ್ಲಿ ಕೂತದ್ದು ಬಿಟ್ಟರೆ ಎಲ್ಲೂ ಇಲ್ಲ. ಹರಿಹರದಲ್ಲಿದ್ದಾಗ ಎಲ್ಲಿ ಕೂರುತ್ತಿದ್ದಳು? ಬೆಳಿಗ್ಗೆ ಬಸ್ಸಿನಲ್ಲಿ ಹರಿಹರದಿಂದ ಕೂತು ಬರುತ್ತಿದ್ದಳು. ಸಂಜೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಆಮೇಲೆ ಸೀಟು ಸಿಕ್ಕ ಬಸ್ಸಿನಲ್ಲಿ ಕೂತೇ ಹೋಗುತ್ತಿದ್ದಳು. ಡಾಕ್ಟರು, ನಾನು, ಅವಳು, ಎಲ್ಲರೂ ಹಾಳು ಹೊತ್ತು ಎಂದು ಲೆಕ್ಕ ಹಾಕಿದ್ದು ಅದನ್ನೇ. ಅವಳಿಗೆ ದಿನದಲ್ಲಿ ಕೂಡಲು ಇದ್ದದ್ದೂ ಅದೊಂದೇ ಹೊತ್ತು. ಹತ್ತಿರ ಬಂದು ಅದನ್ನು ತೆಗೆದು ಹಾಕಿದೆವು.

ಅಕ್ಕಾರಿಗೆ ಹೇಳಿ ಒಂದು ಎತ್ತರದ ಸ್ಟೂಲು ತರಿಸಿದೆ. ಅದರ ಮೇಲೆ ಕೂತರೆ ತೋಳಿನ ಭಾರ ರೊಟ್ಟಿಯ ಮೇಲೆ ಬೀಳುವುದಿಲ್ಲ. ಅಂಚು ಸೀಳುತ್ತದೆ, ನಡುವೆ ದಪ್ಪ ಉಳಿಯುತ್ತದೆ. ಉಣ್ಣುವವನೊಬ್ಬ ತಟ್ಟೆಯಿಂದ ರೊಟ್ಟಿ ಎತ್ತಿ ಹಿಡಿದು, "ಅಕ್ಕಾರೆ, ಇವತ್ತು ಕರ್ನಾಟಕದ ನಕಾಶೆ ಬಡ್ದಾರಲ್ರಿ," ಅಂದ. ಸ್ಟೂಲು ಮೂಲೆಗೆ ಹೋಯಿತು.

ಹರಡಿನ ಮೇಲಿನ ಕಪ್ಪು ಜಾಗ ತುರಿಸುತ್ತಿತ್ತು. ಕೆರೆದಳು. ಒಡೆಯಿತು. ನೀರು ಸೋರುವುದು ನಿಲ್ಲಲಿಲ್ಲ. ಬಟ್ಟೆ ಕಟ್ಟಿಕೊಂಡು ಕೆಲವು ದಿನ ನಿಂತಳು. ಆಮೇಲೆ ಡಾಕ್ಟರು ಇನ್ನು ಅವಳು ನಿಲ್ಲಲೇಬಾರದು ಅಂದರು. ಗಾಯ ಮುಚ್ಚಲು ತಿಂಗಳುಗಳೇ ಬೇಕು. ಮುಚ್ಚಿದ ಮೇಲೆ ಮತ್ತೆ ನಿಂತರೆ ಮತ್ತೆ ಒಡೆಯುತ್ತದೆ.

ಹರಿಹರಕ್ಕೆ ಹೋಗಿ ಹಳೆ ಮನೆ ಕೇಳಿದೆ. ಆ ಕೋಣೆಯಲ್ಲಿ ಬೇರೆ ಸಂಸಾರ ಇತ್ತು, ಸೂರಿಗೆ ತೊಟ್ಟಿಲು ಕಟ್ಟಿದ್ದರು. ಮನೆ ಒಡತಿ, "ನೀವೇ ದೂರ ಆಗುತ್ತೆ ಅಂತ ಬಿಟ್ಟು ಹೋದ್ರಲ್ಲಜ್ಜಿ," ಅಂದಳು. ಸುಳ್ಳಲ್ಲ.

ಅಷ್ಟರಲ್ಲಿ ಹೊನ್ನಾಳಿ ಕಡೆಯ ಒಬ್ಬ ಹೆಂಗಸು ರೊಟ್ಟಿ ಕೆಲಸ ಕೇಳಿಕೊಂಡು ಬಂದಳು. ಅಕ್ಕಾರು ನನ್ನನ್ನು ಹಿತ್ತಿಲಿಗೆ ಕರೆದು ನಿಂತರು. ಹೇಳಲು ಅವರಿಗೂ ಕಷ್ಟವಾಗುತ್ತಿತ್ತು. "ರೊಟ್ಟಿ ಬಡಿಯೋಳಿಗೆ ರೂಮು ಬೇಕಾಗುತ್ತೆ ಕಣವ್ವ. ಪರ ಊರಿನೋಳು, ಎಲ್ಲಿರ್ತಾಳೆ?"

"ಅವಳ್ಯಾಕ್ರಿ, ಮಗಳ ಕಾಲು ಮಾಯೋ ತನಕ ನಾನೇ ಬಡಿತೀನಿ."

"ನಿನ್ನ ಕೈಲಾಗುತ್ತೇನೇ, ಈ ವಯಸ್ಸಾಗೆ?"

"ರೊಟ್ಟಿಗೆ ವಯಸ್ಸು ಗೊತ್ತಾಗಲ್ರಿ. ಹರಿದ್ರೆ ಆಗ ಕಳಿಸ್ರಿ."

ಹರಿಯಲಿಲ್ಲ. ಸಣ್ಣವಳಿದ್ದಾಗಿನಿಂದ ಬಡಿದ ಕೈ. ಈಗ ಆ ಕಟ್ಟೆಯ ಮುಂದೆ ನಾನು ನಿಲ್ಲುತ್ತೇನೆ. ಮಗಳು ರೂಮಿನಲ್ಲಿ ಕಾಲು ಗೋಡೆಗಿಟ್ಟು ಮಲಗಿರುತ್ತಾಳೆ. ಗಾಯ ಒಂದು ವಾರ ಮುಚ್ಚಿದ ಹಾಗೆ ಕಾಣುತ್ತದೆ, ಮರು ವಾರ ಸೋರುತ್ತದೆ. ಅವಳು ಇನ್ನು ಆ ಕಟ್ಟೆಗೆ ಬರುವುದಿಲ್ಲ ಎನ್ನುವುದು ನನಗೆ ಗೊತ್ತು, ಅವಳಿಗೂ ಗೊತ್ತು. ಅಕ್ಕಾರು ಮಾತ್ರ ಆಗಾಗ ಯಾವಾಗ ಬರುತ್ತಾಳೆ ಎಂದು ಕೇಳುತ್ತಾರೆ. ಬರುತ್ತಾಳೆ ಅನ್ನುತ್ತೇನೆ. ಇಲ್ಲ ಅಂದರೆ ರೂಮು ಹೋಗುತ್ತದೆ.

ಮೊನ್ನೆ ಕೆಲಸ ಮುಗಿಸಿ ಬಂದು ಮಂಚದ ತುದಿಗೆ ಕೂತೆ. ಮಗಳು ನನ್ನ ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಇಬ್ಬರೂ ಅದನ್ನು ನೋಡಿದೆವು.

"ಬೇರೆ ಕಡೆ ಮನಿ ನೋಡಾಣ ಯವ್ವಾ," ಅಂದಳು.

"ಎಲ್ಲಿ?"

ಅವಳು ತನ್ನ ಕಾಲನ್ನು ಮತ್ತೆ ಗೋಡೆಗೆ ಎತ್ತಿಟ್ಟಳು. ಬೆಳಿಗ್ಗೆ ಗಾಡಿಯವನು ಹಾರ್ನ್ ಹೊಡೆದ, ಎದ್ದು ಹೋದೆ.